ಟ್ಯಾಂಕಿಗೆ ಧೂಳು ಬಳಿದ ದಿನಗಳು

ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ನನಗೆ ಅಳು ಬರಲಿಲ್ಲ. ತಿಥಿ ಮುಗಿಯುವವರೆಗೂ ಬರಲಿಲ್ಲ. ಮಾಗಡಿಗೆ ಕೊಟ್ಟಿರುವ ಮಗಳು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು, "ಅಪ್ಪ, ಒಂದ್ಸಲಿ ಅತ್ಬುಡಪ್ಪ, ಎದೆ ಹಗುರಾಯ್ತದೆ" ಎಂದಳು. ಎದೆಯಲ್ಲಿ ಏನಾದರೂ ಇದ್ದರೆ ತಾನೆ ಹಗುರಾಗುವುದು ಎಂದು ಆಗ ಯೋಚಿಸಿದ್ದು ನೆನಪಿದೆ. "ನೀನು ಊಟ ಮಾಡ್ದೇನವ್ವ?" ಎಂದು ಅವಳನ್ನೇ ತಿರುಗಿ ಕೇಳಿದೆ.

ನನ್ನ ಕೆಲಸ ಬೊಂಬೆಗಳಿಗೆ ಕಣ್ಣು ಬರೆಯುವುದು. ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆಯಲ್ಲಿ ಮೀಸೆ ಮೂಡುವ ವಯಸ್ಸಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಮರ ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣ ಹತ್ತಿಸಿ, ತಾಳೆಗರಿಯಲ್ಲಿ ಉಜ್ಜಿ ಕನ್ನಡಿಯ ಹಾಗೆ ಹೊಳೆಸುವವರು ಬೇರೆ. ಹೊಳಪು ಬಂದ ಮೇಲೆ ಬೊಂಬೆ ನನ್ನ ಮುಂದೆ ಬರುತ್ತದೆ. ಹುಬ್ಬು, ಕಣ್ಣು, ತುಟಿ, ಹಣೆಗೊಂದು ಬೊಟ್ಟು. ತಿಥಿಯ ಮರುದಿನವೇ ಹೋಗಿ ನನ್ನ ಜಾಗದಲ್ಲಿ ಕೂತೆ. ಕಾರ್ಖಾನೆಯ ಸಾಬರು ಬಂದು, "ಇನ್ನೊಂದ್ ನಾಕು ದಿನ ಮನೇಲಿರಬಾರ್ದಾ?" ಎಂದರು.

"ಮನೇಲಿ ಏನ್ ಮಾಡ್ಲಿ ಸಾಬ್ರೆ?"

ಅವರು ನಾನು ಮುಗಿಸಿಟ್ಟಿದ್ದ ಒಂದು ಬೊಂಬೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎರಡು ಕಣ್ಣೂ ಸಮವಾಗಿದ್ದವು, ರೆಪ್ಪೆಯ ಗೆರೆ ಎಲ್ಲೂ ಅಲುಗಿರಲಿಲ್ಲ. "ಸರಿಯಾಗೇ ಐತೆ" ಎಂದು ಮೆಲ್ಲಗೆ ಹೇಳಿ ಇಟ್ಟುಬಿಟ್ಟರು. ಸರಿಯಾಗಿರುವುದೇ ಅವರಿಗೆ ಹಿಡಿಸಲಿಲ್ಲವೇನೋ ಅನ್ನಿಸಿತು.

ಹಾಗೆ ದಿನ ಹೋಗುತ್ತಿತ್ತು. ಸಾಯಂಕಾಲ ಮನೆಗೆ ಬಂದರೆ ಬೀಗ ತೆಗೆದು, ದೀಪ ಹಾಕಿ, ಅನ್ನಕ್ಕಿಟ್ಟು ಕೂರುತ್ತಿದ್ದೆ. ಕುಕ್ಕರ್ ಕೂಗಿದರೆ ಏಳುತ್ತಿದ್ದೆ. ಮಗಳು ಫೋನ್ ಮಾಡಿ "ಇಲ್ಲಿಗೆ ಬಂದ್ಬುಡಪ್ಪ" ಎನ್ನುತ್ತಿದ್ದಳು. "ನೋಡಾನ" ಎನ್ನುತ್ತಿದ್ದೆ.

ಒಂದು ಭಾನುವಾರ ನನ್ನ ಬಾಮೈದ ಬಂದ. ಹೆಂಡತಿಯ ತಮ್ಮ, ಕನಕಪುರದ ಹತ್ತಿರದ ಹಳ್ಳಿಯವನು. ಸೈನ್ಯದಲ್ಲಿ ಟ್ಯಾಂಕ್ ಓಡಿಸುತ್ತಿದ್ದ. ರಾಜಸ್ಥಾನದ ಮರಳುಗಾಡಿನಲ್ಲಿ ತಾಲೀಮು ನಡೆಯುವಾಗ ಟ್ಯಾಂಕಿನ ಕಬ್ಬಿಣದ ಮುಚ್ಚಳ ಬಲಗೈ ಮೇಲೆ ಬಿದ್ದು ಎರಡು ಬೆರಳು ಮಡಚಲು ಬರದ ಹಾಗಾಯಿತು. ಪಿಂಚಣಿ ತೆಗೆದುಕೊಂಡು ಊರಿಗೆ ಬಂದವನು ಈಗ ಒಂದು ಕಲ್ಲುಕ್ವಾರಿಯಲ್ಲಿ ಬಂಡೆ ಎತ್ತುವ ಯಂತ್ರ ಓಡಿಸುತ್ತಾನೆ. ಮದುವೆಯಾಗಿಲ್ಲ. ತಾಯಿಯ ಜೊತೆಯಲ್ಲಿದ್ದಾನೆ.

ಒಂದು ಚೀಲ ರಾಗಿಹಿಟ್ಟು ತಂದಿದ್ದ. ಅದನ್ನು ಅಡುಗೆಮನೆಯಲ್ಲಿಟ್ಟು ಬಂದು ಜಗುಲಿಯ ಮೇಲೆ ಕೂತ. ನಾನೂ ಕೂತೆ. ಇಬ್ಬರೂ ಬೀದಿ ನೋಡುತ್ತಾ ಬಹಳ ಹೊತ್ತು ಕೂತಿದ್ದೆವು. ಇಬ್ಬರಿಗೂ ಹೋದವಳು ಒಬ್ಬಳೇ ಆಗಿದ್ದರಿಂದ ಸಮಾಧಾನ ಹೇಳುವ ಸರದಿ ಯಾರದೆಂದು ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಅವನೇ ಕೇಳಿದ. "ಭಾವ, ಆ ಟ್ಯಾಂಕ್ ಎಲ್ಲೈತೆ?"

"ಬೀರು ಮೇಲೈತೆ ನೋಡು."

ಆ ಟ್ಯಾಂಕಿನ ಕಥೆ ಹೇಳಬೇಕು. ತಾನು ಓಡಿಸುತ್ತಿದ್ದ ಅದೇ ಜಾತಿಯ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯೊಂದನ್ನು ಅವನು ಫೋನಿನಲ್ಲಿ ಹುಡುಕಿ ತರಿಸಿದ್ದ. ಹಳ್ಳಿಗೆ ಕೊರಿಯರ್ ನೆಟ್ಟಗೆ ಬರುವುದಿಲ್ಲವೆಂದು ನಮ್ಮ ಮನೆಯ ವಿಳಾಸ ಕೊಟ್ಟಿದ್ದ. ಪೆಟ್ಟಿಗೆ ತೆರೆದರೆ ಬರೀ ಚೂರುಗಳು, ಒಂದೊಂದನ್ನೂ ಚೌಕಟ್ಟಿನಿಂದ ಬಿಡಿಸಿ ಅಂಟಿಸಬೇಕು. ಆಗ ನನ್ನ ಹೆಂಡತಿಗೆ ಕಿಡ್ನಿ ಹೋಗಿ ರಾಮನಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ನನಗೆ ಕೆಲಸವಿದ್ದ ದಿನ ಬಾಮೈದ ಬಂದು ಕರೆದುಕೊಂಡು ಹೋಗಿ ಬರುತ್ತಿದ್ದ. ಮನೆಗೆ ಬಂದವಳು ಸುಸ್ತಾಗಿ ಮಲಗಿದರೆ ಇವನು ಪಕ್ಕದ ಕೋಣೆಯಲ್ಲಿ ಎಡಗೈಯಲ್ಲೇ ಚಕ್ರ ಅಂಟಿಸುತ್ತಾ ಕೂರುತ್ತಿದ್ದ. ಬಾಗಿಲಿನಾಚೆ ಮಲಗಿಕೊಂಡೇ ಅವಳು ಕೇಳುತ್ತಿದ್ದಳು, "ಎಷ್ಟಕ್ಕೆ ಬಂತ್ಲಾ ನಿನ್ ಗಾಡಿ?" ಜೋಡಣೆ ಮುಗಿಯಿತು. ಬಣ್ಣ ಹಚ್ಚುವುದು ಉಳಿಯಿತು. ಅಷ್ಟರಲ್ಲಿ ಅವಳು ಹೋದಳು.

ಅವನು ಸ್ಟೂಲ್ ಹತ್ತಿ ಪೆಟ್ಟಿಗೆ ಇಳಿಸಿದ. ಬೂದಿ ಬಣ್ಣದ, ಒಂದು ಗೇಣು ಉದ್ದದ ವಸ್ತು. ನೆಲದ ಮೇಲೆ ಇಟ್ಟು, "ಬಣ್ಣ ನಮ್ಮೆಜಮಾನ್ರು ಹಾಕ್ಕೊಡ್ತಾರೆ ಅಂದಿದ್ಲು ಅಕ್ಕ. ನಂಗೆ ಬ್ರಷ್ ನಿಲ್ಲಾಕಿಲ್ಲ ಭಾವ" ಎಂದು ಬೆರಳು ತೋರಿಸಿದ.

"ಹಾಕ್ಕೊಡ್ತೀನಿ ಬುಡು" ಎಂದೆ. ಬೇಡ ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ.

ಅವನು ಹೇಳಿದ ಬಣ್ಣಗಳನ್ನು ಅಂಗಡಿಯಿಂದ ತಂದೆ. ಮೊದಲು ತಳಬಣ್ಣದ ಒಂದು ತೆಳುವಾದ ಕೈ, ಒಣಗಿದ ಮೇಲೆ ಮರಳಿನ ಬಣ್ಣ, ಅದರ ಮೇಲೆ ಅಲ್ಲಲ್ಲಿ ಹಸಿರು ಪಟ್ಟೆ. ಸಂಜೆ ಕೆಲಸದಿಂದ ಬಂದು ಸ್ವಲ್ಪ ಸ್ವಲ್ಪ ಮಾಡುತ್ತಿದ್ದೆ. ಕೈಗೆ ಅದು ಹೊಸದಾಗಿರಲಿಲ್ಲ. ಪಟ್ಟೆಯ ಅಂಚು ಎಲ್ಲೂ ಹರಿಯದಂತೆ ಬರೆದೆ. ಚಕ್ರಗಳ ಸುತ್ತ ಕಪ್ಪು ರಬ್ಬರಿನ ಗೆರೆ ಎಳೆದೆ. ಕೊನೆಗೆ ಕಾರ್ಖಾನೆಯ ಅಭ್ಯಾಸದಂತೆ ಮೇಲೊಂದು ವಾರ್ನಿಷ್ ಕೊಟ್ಟೆ. ಮಿರಮಿರ ಮಿಂಚಿತು.

ಮುಂದಿನ ಸಲ ಬಂದಾಗ ಬಾಮೈದನ ಕೈಗೆ ಕೊಟ್ಟೆ. ಅವನು ತಿರುಗಿಸಿ ತಿರುಗಿಸಿ ನೋಡಿದ. ಚೆನ್ನಾಗಿದೆ ಎನ್ನುತ್ತಾನೆಂದು ಕಾದೆ. ಅವನು ಕತ್ತು ಕೆರೆದುಕೊಂಡ.

"ಬೇಜಾರ್ ಮಾಡ್ಕೋಬ್ಯಾಡಿ ಭಾವ. ಇದು ಅಂಗಡೀಲಿ ಮಾರಾಕಿಟ್ಟಂಗೈತೆ."

"ಮತ್ತೆ ಹೆಂಗಿರ್ಬೇಕು?"

"ಓಡಿರ್ಬೇಕು. ಇದು ಎಲ್ಲೂ ಓಡೇ ಇಲ್ಲ."

ಫೋನ್ ತೆಗೆದು ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಮನುಷ್ಯನೊಬ್ಬ ಹೀಗೇ ಪುಟ್ಟ ಟ್ಯಾಂಕೊಂದನ್ನು ಇಟ್ಟುಕೊಂಡು, ಚೆನ್ನಾಗಿ ಬಣ್ಣ ಹಚ್ಚಿ, ಆಮೇಲೆ ತಾನೇ ಅದನ್ನು ಕೆಡಿಸುತ್ತಿದ್ದ. ಕಂದು ಬಣ್ಣ ನೀರಾಗಿ ಕಲಸಿ ಸಂದುಗಳಿಗೆ ಬಿಡುತ್ತಿದ್ದ. ಸ್ಪಂಜಿನ ಚೂರಿನಲ್ಲಿ ಅದ್ದಿ ಅಂಚುಗಳಿಗೆ ತಟ್ಟಿ ಬಣ್ಣ ಕಿತ್ತುಹೋದ ಹಾಗೆ ಮಾಡುತ್ತಿದ್ದ. ತುಕ್ಕು ಹಿಡಿಸುತ್ತಿದ್ದ, ಧೂಳು ಮೆತ್ತುತ್ತಿದ್ದ. ಅವನ ಮಾತು ಅರ್ಥವಾಗದಿದ್ದರೂ ಕೈ ಅರ್ಥವಾಗುತ್ತಿತ್ತು. ನಾನು ಎರಡನೆಯ ಸಲ ಹಾಕಿಸಿಕೊಂಡು ನೋಡಿದೆ. ಬೊಂಬೆಯ ಮೇಲೆ ಒಂದು ಬೆರಳಚ್ಚು ಬಿದ್ದರೂ ಪಕ್ಕಕ್ಕಿಡುವ ಜಾಗದಲ್ಲಿ ಇಷ್ಟು ವರ್ಷ ಕೂತವನಿಗೆ ಅದು ವಿಚಿತ್ರವಾಗಿ ಕಂಡಿತು.

ವಾರ್ನಿಷಿನ ಮಿಂಚನ್ನು ಸಣ್ಣ ಮರಳುಕಾಗದದಲ್ಲಿ ಉಜ್ಜಿ ತೆಗೆದೆ. ಆಮೇಲೆ ಬಾಮೈದ ಪ್ರತಿ ಭಾನುವಾರ ಬರತೊಡಗಿದ. ಹಗಲು ಬೆಳಕಿನಲ್ಲಿ, ಜಗುಲಿಯ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಇಬ್ಬರೂ ಕೂರುತ್ತಿದ್ದೆವು. ಅವನು ಮಡಚದ ಬೆರಳಿನಲ್ಲೇ ತೋರಿಸುತ್ತಿದ್ದ.

"ಇಲ್ಲಿ ಬೂಟ್ಸ್ ಕಾಲು ಇಟ್ಟು ಹತ್ತೋದು. ಇಲ್ಲಿ ಬಣ್ಣ ಇರಾಕಿಲ್ಲ, ಕಬ್ಬುಣ ಕಾಣ್ತದೆ."

ನಾನು ಸ್ಪಂಜಿನಲ್ಲಿ ತಟ್ಟುತ್ತಿದ್ದೆ.

"ಅಷ್ಟು ಬ್ಯಾಡ. ನಮ್ಮ ಗಾಡಿ ಗುಜರಿಗೆ ಹೋಗಿಲ್ಲ ಭಾವ."

ಒರೆಸುತ್ತಿದ್ದೆ.

"ಇಲ್ಲಿ ಡೀಸೆಲ್ ಸೋರೋದು. ಹಿಂಗೆ, ಕೆಳಗಂಟ. ಎಷ್ಟ್ ಒರಸುದ್ರೂ ಕರೆ ಹೋಗ್ತಿರ್ಲಿಲ್ಲ."

ಕಪ್ಪು ಬಣ್ಣವನ್ನು ತೆಳುವಾಗಿ ಕಲಸಿ, ಬೊಂಬೆಯ ರೆಪ್ಪೆ ಬರೆಯುವ ಬ್ರಷ್ಷಿನಲ್ಲೇ ಒಂದು ಗೆರೆ ಇಳಿಯಬಿಟ್ಟೆ. ಚಕ್ರಗಳ ಮೇಲೆ ಸುತ್ತುವ ಕಬ್ಬಿಣದ ಪಟ್ಟಿಗೆ ತುಕ್ಕಿನ ಬಣ್ಣ ಕೊಟ್ಟು, ನೆಲಕ್ಕೆ ತಾಗುವ ಕಡೆ ಪೆನ್ಸಿಲ್ಲಿನ ಸೀಸ ಉಜ್ಜಿದರೆ ಸವೆದ ಕಬ್ಬಿಣದಂತೆ ಬೆಳ್ಳಗೆ ಹೊಳೆಯಿತು. ಅದನ್ನು ನೋಡಿ ಅವನು "ಹಾ, ಇದು ಕಣಿ ಭಾವ!" ಎಂದ. ಕೆಲಸ ನಡೆಯುವಷ್ಟು ಹೊತ್ತೂ ನನಗೆ ಸಂತೋಷವಾಗಲಿ ಬೇಜಾರಾಗಲಿ ಇರಲಿಲ್ಲ. ಅವನು ತೋರಿಸಿದ ಕಡೆ ಕೈ ಹೋಗುತ್ತಿತ್ತು.

ಧೂಳಿನದು ಮಾತ್ರ ತೊಂದರೆಯಾಯಿತು. ನಾನು ಹಿತ್ತಲಿನ ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಇಟ್ಟಿದ್ದೆ. ಅವನು ನೋಡಿದವನೇ ತಲೆಯಾಡಿಸಿದ.

"ಇದು ನಮ್ಮ ಮಣ್ಣು. ಅಲ್ಲಿ ಕೆಂಪಿಲ್ಲ. ಅಲ್ಲಿ ಧೂಳು ಅಂದ್ರೆ ಕಡ್ಲೆಹಿಟ್ಟಿನ ಥರ. ಬೆಳಿಗ್ಗೆ ಗಾಡಿ ಮೇಲೆ ಕೈ ಇಟ್ರೆ ಕಾಣೋದು."

ಕಡಲೆಹಿಟ್ಟಿನ ಬಣ್ಣದ ಧೂಳನ್ನು ಚನ್ನಪಟ್ಟಣದಲ್ಲಿ ಎಲ್ಲಿಂದ ತರುವುದು? ಸುಮ್ಮನೆ ಕೂತಿದ್ದಾಗ ದೇವರ ಗೂಡು ಕಣ್ಣಿಗೆ ಬಿತ್ತು. ಅಲ್ಲಿ ಹೆಂಡತಿಯ ರಂಗೋಲಿ ಡಬ್ಬವಿತ್ತು. ಪಕ್ಕದಲ್ಲಿ, ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋದಾಗ ತಂದಿದ್ದ ಗೋಪಿಚಂದನದ ಗಟ್ಟಿ. ಅವಳು ಹಾಸಿಗೆ ಹಿಡಿದ ಮೇಲೆ ಬಾಗಿಲಿಗೆ ರಂಗೋಲಿ ಬಿದ್ದಿರಲಿಲ್ಲ. ಎರಡನ್ನೂ ತಂದು ಒರಳಿನಲ್ಲಿ ನುಣ್ಣಗೆ ಅರೆದು ಬೆರೆಸಿದೆ. ಬಾಮೈದ ಆ ಡಬ್ಬ ಯಾವುದೆಂದು ನೋಡಿದ. ಒಂದು ಚಿಟಿಕೆ ತೆಗೆದು ಅಂಗೈ ಮೇಲೆ ಹಾಕಿಕೊಂಡು ಉಜ್ಜಿದ.

"ಇದೇ" ಎಂದ.

ಒಣ ಬ್ರಷ್ಷಿನಲ್ಲಿ ಪುಡಿಯನ್ನು ಮೆಲ್ಲಗೆ ಹಚ್ಚುತ್ತಾ ಬಂದೆ. ಚಕ್ರದ ಸಂದಿನಲ್ಲಿ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ. ಮುಂಭಾಗದಲ್ಲಿ ಡ್ರೈವರ್ ಇಳಿಯುವ ಗುಂಡನೆಯ ಮುಚ್ಚಳದ ಹತ್ತಿರ ಬಂದಾಗ ಅವನು ನನ್ನ ಕೈ ತಡೆದ.

"ಅಕ್ಕ ಇದರೊಳಗೆ ಕೂತಿದ್ಲು, ಗೊತ್ತಾ ಭಾವ?"

"ನೋಡ್ಕೊಂಡು ಬಂದೆ ಅಂದಿದ್ಲು."

"ನೋಡಾದಲ್ಲ. ಕೂತಿದ್ಲು."

ಅವನು ಕೆಲಸದಲ್ಲಿದ್ದಾಗ ಒಂದು ಸಲ ರೆಜಿಮೆಂಟಿನ ಹಬ್ಬಕ್ಕೆಂದು ತಾಯಿಯನ್ನೂ ಅಕ್ಕನನ್ನೂ ಕರೆಸಿಕೊಂಡಿದ್ದ. ನನಗೆ ದಸರಾ ಮಾಲಿನ ಕೆಲಸವಿತ್ತು, ಹೋಗಲಿಲ್ಲ. ವಾಪಸು ಬಂದವಳು ರೈಲಿನ ಮಾತು, ಬಿಸಿಲಿನ ಮಾತು, ಅಲ್ಲಿಯ ರೊಟ್ಟಿಯ ಮಾತು ಹೇಳಿದಳು. ಟ್ಯಾಂಕ್ ಆನೆಯಷ್ಟಿತ್ತು ಎಂದಳು. ಅಷ್ಟೇ.

"ಮನೆಯವ್ರೆಲ್ಲ ಬಂದು ನೋಡಾಕೆ ಬುಟ್ಟಿದ್ರು" ಎಂದು ಬಾಮೈದ ಹೇಳತೊಡಗಿದ. "ನಾನು ತಮಾಸೆಗೆ, ಇಳೀತೀಯೇನಕ್ಕ ಅಂದೆ. ಸೀರೆ ಎತ್ತಿ ಸಿಕ್ಕಿಸ್ಕೊಂಡು ಇಳದೇಬುಟ್ಲು. ಒಳಗೆ ಕೂತ್ಕೊಂಡು ಆ ಲಿವರ್ ಯಾವುದು, ಈ ಪೆಡಲ್ ಯಾವುದು ಅಂತ ಎಲ್ಲಾ ಕೇಳುದ್ಲು. ಹಿಂದೆ ಹೆಂಗಸ್ರು ಮಕ್ಳು ಸಾಲಾಗಿ ನಿಂತವ್ರೆ. ಸಾಕು ಬಾರಕ್ಕ ಅಂದ್ರೆ, 'ಒಸಿ ಹೊತ್ತು ಇರ್ತೀನಿ ಬುಡ್ಲಾ. ಇಲ್ಲಿ ಯಾರೂ ಕರೆಯಾಕಿಲ್ಲ' ಅಂತಾಳೆ."

"ಆಮೇಕೆ?"

"ಆಮೇಕೇನು, ನಮ್ಮ ಸಾಹೇಬ್ರು ಬಂದ್ರು. ನಾನು ಬೈಸ್ಕೊತೀನಿ ಅಂದ್ಕೊಂಡೆ. ಅವ್ರು ನಕ್ಬುಟ್ಟು, ಕೂತ್ಕೊಳ್ಲಿ ಬುಡು ಅಂದ್ರು. ಹತ್ತಿ ಬರೋವಾಗ ಬಳೆ ತಗಲಿ ಒಡೀತು. ಒಂದ್ ಚೂರು ಈ ಮುಚ್ಚಳದ ರಬ್ಬರಲ್ಲಿ ಸಿಕ್ಕಾಕ್ಕೊಂಡಿತ್ತು. ನಾನು ಕೀಳ್ನಿಲ್ಲ. ಬಾಳಾ ದಿನ ಇತ್ತು ಅದು."

ಯಾರೂ ಕರೆಯುವುದಿಲ್ಲ ಎಂಬ ಮಾತು ಕಿವಿಗೆ ಬಿತ್ತು. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಅವಳನ್ನು ಯಾರು ಯಾರು ಕರೆಯುತ್ತಿದ್ದರು ಎಂದು ಯೋಚಿಸಿದೆ. ನಾನು, ಶಾಲೆಗೆ ಹೊರಟ ಮಗಳು, ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ನನ್ನ ತಾಯಿ, ಬಾಗಿಲಲ್ಲಿ ಹಾಲಿನವನು. ಬಂದೆ, ಬಂದೆ ಎಂದು ಅವಳು ಓಡಾಡುತ್ತಿದ್ದ ದನಿ ಜ್ಞಾಪಕ ಬಂತು. ಅದರ ಹಿಂದೆ ದುಃಖವೂ ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

"ಯಾವ ಬಣ್ಣದ ಬಳೆ?" ಎಂದು ಕೇಳಿದೆ.

"ಹಸ್ರು."

ಹಸಿರು ಬಾಟಲಿ ತೆಗೆದು, ಇರುವುದರಲ್ಲೇ ಸಣ್ಣ ಬ್ರಷ್ಷಿನ ತುದಿಯಿಂದ ಮುಚ್ಚಳದ ಅಂಚಿಗೆ ಒಂದು ಚುಕ್ಕೆ ಇಟ್ಟೆ. ಬೊಂಬೆಯ ಹಣೆಯ ಬೊಟ್ಟಿಗಿಂತ ಸಣ್ಣದು. ಗೊತ್ತಿಲ್ಲದವರಿಗೆ ಕಾಣುವುದಿಲ್ಲ. ಬಾಮೈದ ಬಗ್ಗಿ ನೋಡಿ, ಎದ್ದು ಹಿತ್ತಲಿಗೆ ಹೋದ. ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಿದ್ದ ಸದ್ದು ಕೇಳಿಸಿತು. ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ನಾನು ಬ್ರಷ್ ತೊಳೆಯುತ್ತಿದ್ದೆ.

ಅಂದೇ ಅವನು ಟ್ಯಾಂಕನ್ನು ತೆಗೆದುಕೊಂಡು ಹೊರಟ. ಬೊಂಬೆ ಕಳಿಸುವ ರಟ್ಟಿನ ಪೆಟ್ಟಿಗೆಗೆ ಮರದ ಹೊಟ್ಟು ತುಂಬಿ ಅದರಲ್ಲಿ ಇಟ್ಟುಕೊಟ್ಟೆ. ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ಹೋದೆ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತವನನ್ನು ಕಂಡು ಕಂಡಕ್ಟರ್, "ಏನ್ ಬೊಂಬೆನಾ?" ಎಂದ.

"ಅಲ್ಲ, ಟ್ಯಾಂಕು."

"ಇಷ್ಟು ಪೆಟ್ಗೇಲಿ ಎಷ್ಟ್ ಲೀಟ್ರು ನೀರ್ ಹಿಡೀತದೆ ಮಾರಾಯ?"

ಬಾಮೈದ ನನ್ನ ಕಡೆ ನೋಡಿದ. ಬಸ್ಸು ಹೊರಟಿತು.

ಕೆಲವು ದಿನಗಳಾದ ಮೇಲೆ ಕಾರ್ಖಾನೆಯಲ್ಲಿದ್ದಾಗ ಅವನ ಫೋನ್ ಬಂತು.

"ಭಾವ, ಕೆಲ್ಸ ಕೆಟ್ಟೋಯ್ತು. ಅವ್ವ ತೊಳ್ದಾಕ್ಬುಟ್ಟವ್ಳೆ."

"ಏನ?"

"ಟ್ಯಾಂಕ್ನ! ಟೀವಿ ಪಕ್ಕ ಇಟ್ಟಿದ್ದೆ. ನಾನು ಕ್ವಾರಿಯಿಂದ ಬರಾ ಹೊತ್ಗೆ ಬಕೇಟ್ಗೆ ಅದ್ದಿ ತೊಳ್ದು ಬಿಸ್ಲಿಗೆ ಒಣಗಾಕವ್ಳೆ, ಲೋಟ ಒಣಗಾಕ್ದಂಗೆ!"

ನನ್ನ ಬಾಯಿಂದ ಒಂದು ಸದ್ದು ಬಂತು. ನಾನು ನಗುತ್ತಿದ್ದೇನೆ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಸಾಬರು ತಿರುಗಿ ನೋಡಿದರು. ಕೈಯಲ್ಲಿದ್ದ ಬೊಂಬೆಯ ಹುಬ್ಬು ಕಿವಿಯವರೆಗೆ ಹೋಗಿಬಿಟ್ಟಿತ್ತು.

ಆ ಭಾನುವಾರ ಪುಡಿಯ ಡಬ್ಬ, ಬ್ರಷ್ಷುಗಳನ್ನು ಚೀಲಕ್ಕೆ ಹಾಕಿಕೊಂಡು ಅವರ ಹಳ್ಳಿಗೆ ಹೋದೆ. ತಿಥಿ ಆದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕುಡಿಯಲು ನೀರು ಕೊಟ್ಟು, ಸೆರಗು ಹಿಂಡುತ್ತಾ, "ನಾನೇನೋ ತಪ್ಪು ಮಾಡ್ಬುಟ್ನಂತೆ ಅಳಿಯಂದ್ರೆ. ಇವ್ನು ಮೂರ್ ದಿನದಿಂದ ಮುಖ ಊದಿಸ್ಕೊಂಡವ್ನೆ" ಎಂದರು.

"ಏನಿಲ್ಲ ಬುಡಿ ಅತ್ತೆ."

"ಇದೇ ಗಾಡೀಲಿ ಅಕ್ಕ ಕೂತಿದ್ದು ಅಂತ ತೋರ್ಸ್ದ. ನಂಗೂ ಜ್ಞಾಪಕ ಐತೆ, ನಾನೂ ಅಲ್ಲೇ ನಿಂತಿದ್ನಲ್ಲ. ನೋಡುದ್ರೆ ಮೈಯೆಲ್ಲ ಧೂಳು. ನನ್ ಮಗಳು ಕೂತಿದ್ ಜಾಗ, ಹಂಗೆ ಬುಡಾಕೆ ಮನ್ಸು ಬರ್ನಿಲ್ಲ. ಸೀಗೆಪುಡಿ ಹಾಕಿ ಮೆತ್ತಗೆ ತೊಳ್ದೆ."

ಹೇಳುತ್ತಾ ಹೇಳುತ್ತಾ ಅವರ ಗಲ್ಲ ನಡುಗಿತು. ನಾನು ಏನಾದರೂ ಹೇಳಬೇಕಿತ್ತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಾ ಕೂತೆ. ಅತ್ತೆ ನನ್ನ ತಲೆಯ ಮೇಲೆ ಒಂದು ಸಲ ಕೈ ಆಡಿಸಿ ಒಳಗೆ ಹೋದರು. ಅಳಿಯನ ತಲೆ ಮುಟ್ಟುವ ಪದ್ಧತಿ ಅವರಲ್ಲಿಲ್ಲ. ಅದಕ್ಕೆ ಮೊದಲು ಯಾವತ್ತೂ ಮುಟ್ಟಿರಲಿಲ್ಲ.

ಬಾಮೈದ ಟ್ಯಾಂಕ್ ತಂದು ಮುಂದಿಟ್ಟ. ಧೂಳು ಪೂರ್ತಿ ಹೋಗಿತ್ತು. ಎಣ್ಣೆಬಣ್ಣದಲ್ಲಿ ಮಾಡಿದ್ದೆಲ್ಲ ಉಳಿದಿತ್ತು. ಸವೆದ ಅಂಚು, ಡೀಸೆಲ್ಲಿನ ಕರೆ, ತುಕ್ಕು, ಮುಚ್ಚಳದ ಹಸಿರು ಚುಕ್ಕೆ ಎಲ್ಲವೂ ಸ್ನಾನ ಮಾಡಿಸಿದ ಮಗುವಿನ ಮೈಮೇಲಿನ ಮಚ್ಚೆಗಳ ಹಾಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

"ಪುಡಿ ತಂದಿದ್ದೀರಾ? ಮತ್ತೆ ಬಳೀರಿ ಭಾವ."

ನಾನು ಡಬ್ಬ ತೆಗೆಯಲಿಲ್ಲ. "ಹಬ್ಬದ ದಿನ ಗಾಡಿ ಹೆಂಗಿತ್ಲಾ?" ಎಂದು ಕೇಳಿದೆ.

"ಯಾವ ಹಬ್ಬ?"

"ನಿಮ್ ರೆಜಿಮೆಂಟಿಂದು. ಇವಳು ಕೂತಿದ್ ದಿನ. ಧೂಳಿತ್ತಾ?"

ಅವನು ಟ್ಯಾಂಕಿನ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ಇಲ್ಲ ಭಾವ. ತೊಳ್ದಿದ್ವಿ. ಹಿಂದಿನ್ ದಿನವೆಲ್ಲ ಅದೇ ಕೆಲ್ಸ ನಮಗೆ, ಪೈಪ್ ಹಿಡ್ಕೊಂಡು" ಎಂದ.

"ಹಂಗಾರೆ ಹಿಂಗೇ ಇರ್ಲಿ ಬುಡು."

ಅವನು ಅದನ್ನು ಎತ್ತಿ ಮತ್ತೆ ಟೀವಿಯ ಪಕ್ಕಕ್ಕೆ ಇಟ್ಟ. ಅಡುಗೆಮನೆಯ ಕಡೆ ತಿರುಗಿ, "ಅವ್ವೋ, ಸರಿಯಾಗೇ ತೊಳ್ದಿದ್ದೀಯಂತೆ ಕಣವ್ವೋ" ಎಂದು ಕೂಗಿದ. ಒಳಗಿನಿಂದ ಮುದ್ದೆ ತೊಳಸುವ ಸದ್ದು ಬಂತು.

ಊಟ ಮಾಡಿ, ಮಧ್ಯಾಹ್ನದ ಬಸ್ಸು ಹಿಡಿದೆ. ಬಸ್ಸು ರಾಮನಗರಕ್ಕೆ ಬಂದು, ಡಯಾಲಿಸಿಸ್ಸಿನ ಆಸ್ಪತ್ರೆಯ ಮುಂದೆ ಹಾದು ಹೋದದ್ದನ್ನು ಕಿಟಕಿಯಿಂದ ನೋಡಿದೆ. ಗೇಟಿನ ಹತ್ತಿರ ಎಳನೀರಿನವನು ಅದೇ ಜಾಗದಲ್ಲಿದ್ದ. ಒಳಗೆ ಏನೋ ಅಲುಗಿತು ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ, ಎಳನೀರು ನೋಡಿ ಬಾಯಾರಿಕೆಯಾಯಿತು, ಅಷ್ಟೇ. ಇಂದಿಗೂ ನಾನು ಸರಿಯಾಗಿ ಅತ್ತಿಲ್ಲ.

ಆ ಸಂಜೆ ಮಗಳು ಫೋನ್ ಮಾಡುವುದಕ್ಕೆ ಮೊದಲೇ ನಾನೇ ಮಾಡಿದೆ. ಅವಳು ಗಾಬರಿಯಾಗಿ, "ಏನಾಯ್ತಪ್ಪ, ಹುಷಾರಾಗಿದ್ದೀಯ ತಾನೆ?" ಎಂದಳು.

"ಏನಿಲ್ಲ ಕಣವ್ವ. ನಿಮ್ಮಮ್ಮ ಟ್ಯಾಂಕಲ್ಲಿ ಕೂತಿದ್ಲಂತೆ, ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಬಾಮೈದ ಹೇಳಿದ್ದನ್ನೆಲ್ಲ ಹೇಳಿದೆ. ಸೀರೆ ಸಿಕ್ಕಿಸಿಕೊಂಡದ್ದು, ಹಿಂದೆ ಜನ ಸಾಲು ನಿಂತದ್ದು, ಯಾರೂ ಕರೆಯುವುದಿಲ್ಲ ಎಂದದ್ದು. ಆ ಕಡೆ ಅವಳ ಮಗು ಎಲ್ಲೋ ಅಮ್ಮಾ ಎಂದು ಕೂಗುತ್ತಿತ್ತು.

"ಎಷ್ಟೊತ್ತು ಕೂತಿದ್ಲಂತಪ್ಪ?" ಎಂದು ಕೇಳಿದಳು.

"ಅದು ಕೇಳ್ನಿಲ್ಲ. ಮುಂದಿನ ಭಾನುವಾರ ನಿಮ್ಮಾವ ಬತ್ತಾನೆ, ಕೇಳಿ ಹೇಳ್ತೀನಿ" ಎಂದೆ.